ಆಕಾಶದ ಕೊಂಡಿ: ಹಿಡಿಯಲೂ ಬರಬೇಕು, ಬಿಡಲೂ ಬರಬೇಕು

ಗೋವಿನಜೋಳದ ರಾಶಿ ಮುಗಿದು ಕಬ್ಬಿನ ಕಟಾವು ಶುರುವಾಯಿತೆಂದರೆ ಹಾನಗಲ್, ಶಿಗ್ಗಾಂವಿ ಕಡೆಯ ರಸ್ತೆಗಳು ಟ್ರ್ಯಾಕ್ಟರ್‌ಗಳ ವಶ. ಹೊಲದ ಬದುವಿನಲ್ಲಿ ತುಂಬಿದ ಟ್ರೇಲರ್ ನಿಂತಿರುತ್ತದೆ. ಡ್ರೈವರ್ ಕತ್ತು ಹೊರಳಿಸಿಕೊಂಡು ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುತ್ತಾನೆ. ಎರಡರ ನಡುವೆ ಒಬ್ಬ ಹುಡುಗ, ಕೈಯಲ್ಲಿ ಕಬ್ಬಿಣದ ಪಿನ್ನು. “ಬರ್ಲಿ... ಬರ್ಲಿ... ಇನ್ನೊಂದೀಟ ಬರ್ಲಿ... ಹಾಂ, ನಿಂದ್ರಸಣ್ಣಾ!” ಒಂದು ಬೆರಳಷ್ಟು ಆಚೀಚೆ ಆದರೆ ತೂತಿಗೆ ತೂತು ಕೂಡುವುದಿಲ್ಲ, ಪಿನ್ನು ಇಳಿಯುವುದಿಲ್ಲ. ಮತ್ತೆ ಮುಂದೆ, ಮತ್ತೆ ಹಿಂದೆ.

2025ರ ಜನವರಿ 16ರ ನಸುಕಿನಲ್ಲಿ ಬೆಂಗಳೂರಿನ ಇಸ್ರೊ ಎಂಜಿನಿಯರರು ಇದೇ ಕೆಲಸವನ್ನು ನೆಲವೇ ಇಲ್ಲದ ಜಾಗದಲ್ಲಿ ಮಾಡಿದರು. ಎರಡೂ ವಾಹನಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದವು. ಟೈರಿಲ್ಲ, ಬ್ರೇಕಿಲ್ಲ, ನಡುವೆ ನಿಂತು ಕೂಗುವ ಹುಡುಗನಿಲ್ಲ. ‘ಸ್ಪೇಡೆಕ್ಸ್’ ಎಂಬ ಆ ಪ್ರಯೋಗದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ರಷ್ಯಾ, ಅಮೆರಿಕ, ಚೀನಾ ನಂತರ ಭಾರತ ನಾಲ್ಕನೆಯದು ಎಂಬುದೂ ನೆನಪಿದೆ. ಎರಡು ಡಬ್ಬಗಳನ್ನು ಒಂದಕ್ಕೊಂದು ಅಂಟಿಸಿದ್ದಕ್ಕೆ ಅಷ್ಟು ಸಂಭ್ರಮ ಏಕೆ ಎಂಬುದು ಮಾತ್ರ ಹೆಚ್ಚಿನವರಿಗೆ ಅರ್ಧಂಬರ್ಧ.

ಧಾರವಾಡದಿಂದ ಹೊರಟ ಹೆಸರುಕಾಳು

ಈ ವಿಷಯ ನಮ್ಮ ಸೀಮೆಯಿಂದ ದೂರದ್ದೇನೂ ಅಲ್ಲ. ಅದೇ ವರ್ಷದ ಜೂನ್ 25ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಜೊತೆ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳೂ ಹೋಗಿದ್ದವು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ ಅವರ ಪ್ರಯೋಗವದು. ತೂಕವಿಲ್ಲದ ಸ್ಥಿತಿಯಲ್ಲಿ ಕಾಳು ಹೇಗೆ ಮೊಳಕೆಯೊಡೆಯುತ್ತದೆ, ಅದರ ಪೌಷ್ಟಿಕತೆ ಏನಾಗುತ್ತದೆ ಎಂದು ನೋಡುವುದು ಉದ್ದೇಶ. ನಮ್ಮ ಜಿಲ್ಲೆಯ ಹನುಮನಮಟ್ಟಿ ಕೃಷಿ ಕಾಲೇಜು ಇರುವುದೂ ಇದೇ ವಿಶ್ವವಿದ್ಯಾಲಯದಡಿ.

ಮರುದಿನ ಭಾರತೀಯ ಕಾಲಮಾನ ಸಂಜೆ 4 ಗಂಟೆಯ ಸುಮಾರಿಗೆ ಅವರಿದ್ದ ಡ್ರ್ಯಾಗನ್ ನೌಕೆ ನಿಲ್ದಾಣದ ‘ಹಾರ್ಮನಿ’ ಭಾಗಕ್ಕೆ ಬಂದು ಮುಟ್ಟಿತು. ಮುಟ್ಟಿದ ಕೂಡಲೇ ಬಾಗಿಲು ತೆಗೆಯಲಿಲ್ಲ. ಮೊದಲು ಮೆತ್ತಗೆ ಹಿಡಿಯುವ ಉಂಗುರ ನೌಕೆಯ ಅಲುಗಾಟ ತಣಿಸಿತು, ಆಮೇಲೆ 12 ಕೊಕ್ಕೆಗಳು ಬಿಗಿದುಕೊಂಡವು. ಗಾಳಿ ಸೋರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಸುಮಾರು ಎರಡು ತಾಸಿನ ಹೊತ್ತಿಗೆ ಬಾಗಿಲು ತೆರೆಯಿತು. ಧಾರವಾಡದ ಬೀಜಗಳು ಆ ಬಿಗಿದ ಉಂಗುರದೊಳಗಿಂದಲೇ ದಾಟಿದವು.

ಆ ನಿಲ್ದಾಣ ಬರಿಗಣ್ಣಿಗೆ ಕಾಣುತ್ತದೆ. ಮೋಡವಿಲ್ಲದ ದಿನ, ಸರಿಯಾದ ಹೊತ್ತು ಗೊತ್ತಿದ್ದರೆ, ಮುಸ್ಸಂಜೆಯಲ್ಲೋ ನಸುಕಿನಲ್ಲೋ ಮದಗ ಮಾಸೂರು ಕೆರೆಯ ದಂಡೆಯಿಂದಲೋ ಸವಣೂರಿನ ದೊಡ್ಡ ಹುಣಸೆ ಮರಗಳ ನೆತ್ತಿಯ ಮೇಲೋ ಮಿನುಗದೆ ಸಾಗುವ ಬೆಳ್ಳಿಚುಕ್ಕಿ ಅದು. ಎತ್ತರ ಸುಮಾರು 400 ಕಿ.ಮೀ. ಆ ಚುಕ್ಕಿಯ ತುಂಬ ಇರುವುದು ಕೊಂಡಿಗಳೇ. ಒಂದೊಂದೇ ಭಾಗವನ್ನು ಮೇಲೆ ಒಯ್ದು ಜೋಡಿಸುತ್ತ ಹೋಗಿದ್ದರಿಂದ ಆದ ಮನೆ ಅದು.

ಕಂತು ಕಟ್ಟುವ ನೌಕೆ

ಈ ಜೋಡಣೆಯ ಲೆಕ್ಕಾಚಾರ ಸುಲಭವಾಗಿ ತಿಳಿಯುವುದು ಒಂದು ಆಟದಿಂದ. ಹೆಸರು ‘ಟ್ರಾವೆಲರ್’. 1977ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಸಂಸ್ಥೆ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಹೊರತಂದದ್ದು, ಮಾರ್ಕ್ ಮಿಲ್ಲರ್ ಅದರ ಕರ್ತೃ. ಇದು ಮೊಬೈಲ್ ಆಟವಲ್ಲ. ನಾಲ್ಕಾರು ಮಂದಿ ಮೇಜಿನ ಸುತ್ತ ಕೂತು ಆಡುವುದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ “ನಾನು ಹೀಗೆ ಮಾಡುತ್ತೇನೆ” ಎನ್ನುತ್ತಾರೆ. ಫಲಿಸಿತೋ ಇಲ್ಲವೋ ಎಂದು ಎರಡು ದಾಳಗಳು ಹೇಳುತ್ತವೆ.

ದೂರದ ಭವಿಷ್ಯದಲ್ಲಿ, ನಕ್ಷತ್ರದಿಂದ ನಕ್ಷತ್ರಕ್ಕೆ ಸರಕು ಸಾಗಿಸುವ ಸಣ್ಣ ವ್ಯಾಪಾರಿ ನೌಕೆಯೊಂದರ ಸಿಬ್ಬಂದಿ ನೀವು. ಮಜಾ ಏನೆಂದರೆ, ನೌಕೆ ಸಾಲದ್ದು. ತಿಂಗಳ ಕಂತು ಬೆಲೆಯ 240ನೇ ಒಂದು ಭಾಗ, ಒಟ್ಟು 480 ಕಂತು. ನಲವತ್ತು ವರ್ಷ ಕಟ್ಟಿ ಮುಗಿಸುವಾಗ ಎರಡು ನೌಕೆಯ ಹಣ ಸಂದಿರುತ್ತದೆ. ಬೆಳೆಸಾಲ, ಟ್ರ್ಯಾಕ್ಟರ್ ಸಾಲ ಕಂಡವರಿಗೆ ಈ ಭವಿಷ್ಯವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಆಟದಲ್ಲಿ ಬಾಹ್ಯಾಕಾಶದ ಕಳ್ಳರಿಗಿಂತ ಹೆಚ್ಚು ಕಾಡುವುದು ಕಂತೇ.

ಸಾಲದ ನೌಕೆಯಲ್ಲಿ ಪ್ರತಿ ಮೂಲೆಗೂ ಬೆಲೆ. ಆಟದಲ್ಲಿ ‘ಟನ್’ ಎಂದರೆ ತೂಕವಲ್ಲ, ಜಾಗ: ಒಂದು ಟನ್ ದ್ರವ ಹೈಡ್ರೋಜನ್ ಹಿಡಿಸುವಷ್ಟು, ಅಂದರೆ ಸುಮಾರು 14 ಘನ ಮೀಟರ್. 100 ಟನ್ನಿಗಿಂತ ಸಣ್ಣ ವಾಹನ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯಲಾರದು. ಹಾಗಾಗಿ ಅದಕ್ಕಿಂತ ಸಣ್ಣವೆಲ್ಲ ದೋಣಿಗಳು: ದೊಡ್ಡ ನೌಕೆ ಆಚೆಯೇ ನಿಂತಿರುವಾಗ ನೆಲಕ್ಕಿಳಿದು ಸರಕು, ಜನ ತರುವಂಥವು. ಅವುಗಳಲ್ಲಿ 50 ಟನ್ನಿನ ಒಂದು ದೋಣಿ ಆಟಗಾರರಿಗೆ ಅಚ್ಚುಮೆಚ್ಚು. ಅದರ 30 ಟನ್ ಭಾಗವನ್ನು ಕಳಚಿ ಬೇರೆಯದನ್ನು ಸೇರಿಸಬಹುದು. ಇವತ್ತು ಸರಕಿನ ಡಬ್ಬ, ನಾಳೆ ಪ್ರಯಾಣಿಕರ ಡಬ್ಬ, ಎಂಜಿನ್ ಒಂದೇ.

ಒಳಗೋ ಹೊರಗೋ

ಈ ದೋಣಿಯನ್ನು ಎಲ್ಲಿಡುವುದು? ಆಟದಲ್ಲಿ ವಾದ ಹತ್ತುವುದು ಇಲ್ಲೇ. ಹೊಟ್ಟೆಯೊಳಗೆ ಕೋಣೆ ಕಟ್ಟಿ ಇಟ್ಟರೆ ದೋಣಿ ಸುರಕ್ಷಿತ, ಕೂತು ರಿಪೇರಿ ಮಾಡಬಹುದು. ಆದರೆ ದೋಣಿ ಹೊರಗೆ ಹೋದಾಗಲೂ ಆ ಕೋಣೆ ನಿಮ್ಮ ತಲೆಯ ಮೇಲಿನ ಖರ್ಚೇ. ಇನ್ನೊಂದು ದಾರಿ, ಹೊರಮೈಗೆ ಒಂದು ಕ್ಲಾಂಪ್ ಹಾಕಿ ದೋಣಿಯನ್ನು ಅದಕ್ಕೆ ಕಚ್ಚಿಸುವುದು. ಕ್ಲಾಂಪ್ ಹಿಡಿಯುವ ಜಾಗ ಅತ್ಯಲ್ಪ. ಅಗ್ಗದ ದಾರಿಯೆಂದು ಹೊಸಬರು ಮೊದಲು ಆರಿಸುವುದು ಇದನ್ನೇ.

ಆಮೇಲೆ ಬಿಲ್ಲು ಬರುತ್ತದೆ. ಕಚ್ಚಿಕೊಂಡಿರುವಷ್ಟು ಹೊತ್ತೂ ದೋಣಿಯ ಟನ್ನು ನೌಕೆಯ ಟನ್ನಿಗೆ ಸೇರುತ್ತದೆ. 200 ಟನ್ ನೌಕೆಗೆ 50 ಟನ್ ದೋಣಿ ಕಟ್ಟಿದರೆ ಅದೇ ಎಂಜಿನ್ 250 ಟನ್ ತಳ್ಳಬೇಕು, ಓಟ ಐದರಲ್ಲಿ ನಾಲ್ಕು ಭಾಗಕ್ಕೆ ಇಳಿಯುತ್ತದೆ. ಅತಿ ಸಣ್ಣ ಜಿಗಿತಕ್ಕೂ ಒಟ್ಟು ಗಾತ್ರದ ಹತ್ತನೇ ಒಂದು ಭಾಗ ಇಂಧನ ಬೇಕೆಂಬುದು ನಿಯಮ. 20 ಟನ್ ಇದ್ದದ್ದು 25 ಆಯಿತು. ಆ ಐದು ಟನ್ನಿನ ಟ್ಯಾಂಕ್ ನೌಕೆಯಲ್ಲಿ ಇಲ್ಲದಿದ್ದರೆ ದೋಣಿ ಬಿಟ್ಟು ಹೊರಡಬೇಕು.

ಆಟದ ನಿಯಮಗಳನ್ನು ಬರೆದವರು ರಾಕೆಟ್ ಎಂಜಿನಿಯರರಾಗಿರಬೇಕಿಲ್ಲ. ಆದರೂ ಈ ನಿಯಮ ನಿಜದ ಲೆಕ್ಕವನ್ನೇ ಹೇಳುತ್ತದೆ: ಜೋಡಿಸಿಕೊಂಡಿದ್ದನ್ನು ತಳ್ಳಲೇಬೇಕು, ಆದ್ದರಿಂದ ಕೆಲಸವಿಲ್ಲದ ಭಾಗವನ್ನು ಅಲ್ಲಲ್ಲೇ ಬಿಡಬೇಕು.

ಕುರ್ಚಿ ಕಿತ್ತ ದೋಣಿ

ಚಂದ್ರನ ಮೇಲೆ ಮನುಷ್ಯ ಇಳಿದದ್ದೂ ಈ ಲೆಕ್ಕದಿಂದಲೇ. ಇಡೀ ನೌಕೆಯನ್ನು ಚಂದ್ರನ ನೆಲಕ್ಕೆ ಇಳಿಸಿ ಮತ್ತೆ ಎತ್ತುವುದು ಬೇಡ, ಅದು ಮೇಲೆಯೇ ಸುತ್ತುತ್ತಿರಲಿ, ಒಂದು ಹಗುರ ದೋಣಿ ಮಾತ್ರ ಇಳಿಯಲಿ ಎಂದು ನಾಸಾ ತೀರ್ಮಾನಿಸಿದ್ದು 1962ರಲ್ಲಿ. ಚಂದ್ರನಲ್ಲಿ ಗಾಳಿಯಿಲ್ಲ, ಆದ್ದರಿಂದ ದೋಣಿಗೆ ನುಣುಪಾದ ಮೂತಿ ಬೇಡ. ತೂಕ ಇಳಿಸುತ್ತ ಇಳಿಸುತ್ತ ಗ್ರಮ್ಮನ್ ಕಂಪನಿಯವರು ಕುರ್ಚಿಗಳನ್ನೇ ತೆಗೆದರು. ಗಗನಯಾತ್ರಿಗಳು ನಿಂತೇ ಓಡಿಸಿದರು. ನಿಂತವರ ಕಣ್ಣು ಕಿಟಕಿಗೆ ಹತ್ತಿರವಾದ್ದರಿಂದ ಕಿಟಕಿಯೂ ಸಣ್ಣದಾಗಿ ಗಾಜಿನ ತೂಕ ಉಳಿಯಿತು. ಗೋಡೆ ಕೆಲವೆಡೆ ಸುಮಾರು 0.3 ಮಿ.ಮೀ. ಅಷ್ಟೇ ದಪ್ಪ. ಭೂಮಿಯ ಮೇಲೆ ಆ ದೋಣಿಯಲ್ಲಿ ಹಾರುವುದು ಸಾಧ್ಯವೇ ಇರಲಿಲ್ಲ. ಒಂದೇ ಜಾಗಕ್ಕೆ, ಒಂದೇ ಕೆಲಸಕ್ಕೆ ಕಟ್ಟಿದ್ದು. ನನ್ನನ್ನು ಕೇಳಿದರೆ ಇಡೀ ಅಪೊಲೊ ಯೋಜನೆಯಲ್ಲಿ ರಾಕೆಟ್ಟಿಗಿಂತ ಈ ಕುರೂಪಿ ದೋಣಿಯೇ ದೊಡ್ಡ ಜಾಣತನ.

ಆದರೆ ಅದೆಲ್ಲ ನಿಂತಿದ್ದು ಕೊಂಡಿಯ ಮೇಲೆ. 1971ರಲ್ಲಿ ಅಪೊಲೊ 14 ಹೊರಟಾಗ ಮೂಲನೌಕೆಯ ಮೂತಿ ಚಂದ್ರದೋಣಿಯನ್ನು ಮುಟ್ಟಿತು, ಕಚ್ಚಲಿಲ್ಲ. ಐದು ಸಲ ಹೀಗೇ ಆಯಿತು. ಆರನೆಯ ಸಲ ಎರಡನ್ನೂ ಒತ್ತಿ ಹಿಡಿದುಕೊಂಡೇ ನಡುವಿನ ಸಲಾಕೆಯನ್ನು ಒಳಗೆಳೆದರು. ಸುತ್ತಲಿನ 12 ಕೊಕ್ಕೆಗಳು ಬಿಗಿದವು. ಅವತ್ತು ಬಿಗಿಯದಿದ್ದರೆ ಚಂದ್ರನ ಮೇಲಿಳಿಯುವ ಮಾತೇ ಇರಲಿಲ್ಲ.

ಅದಕ್ಕೂ ಐದು ವರ್ಷ ಮೊದಲು, 1966ರ ಮಾರ್ಚ್ 16ರಂದು ಜಗತ್ತಿನ ಮೊದಲ ಡಾಕಿಂಗ್ (ಕಕ್ಷೆಯಲ್ಲಿನ ಜೋಡಣೆ) ಮಾಡಿದ ಜೆಮಿನಿ 8 ನೌಕೆಯ ಕಥೆ ಇನ್ನೂ ಅಪಾಯದ್ದು. ನೀಲ್ ಆರ್ಮ್‌ಸ್ಟ್ರಾಂಗ್, ಡೇವಿಡ್ ಸ್ಕಾಟ್ ಇಬ್ಬರೂ ನೌಕೆಯನ್ನು ಅಜೀನಾ ಎಂಬ ಖಾಲಿ ವಾಹನಕ್ಕೆ ಜೋಡಿಸಿದರು. ಸ್ವಲ್ಪ ಹೊತ್ತಿಗೆ ಜೋಡಿ ತಾನಾಗಿ ತಿರುಗತೊಡಗಿತು. ತಪ್ಪು ಅಜೀನಾದ್ದಿರಬೇಕೆಂದು ಕಳಚಿಕೊಂಡರು. ತಿರುಗಾಟ ನಿಲ್ಲುವ ಬದಲು ಹೆಚ್ಚಿತು, ಸೆಕೆಂಡಿಗೆ ಸುಮಾರು ಒಂದು ಸುತ್ತು. ದೋಷ ಇದ್ದದ್ದು ತಮ್ಮದೇ ನೌಕೆಯ ಒಂದು ಸಣ್ಣ ಎಂಜಿನ್ನಿನಲ್ಲಿ, ಅದು ನಿಲ್ಲದೆ ಉರಿಯುತ್ತಿತ್ತು. ಅಜೀನಾದ ಭಾರ ಜೊತೆಗಿದ್ದಷ್ಟು ಹೊತ್ತು ಅದು ತಿರುಗುವ ವೇಗಕ್ಕೆ ಕಡಿವಾಣ ಹಾಕಿತ್ತು. ಭಾರ ಕಳಚಿದ ಮೇಲೆ ಅದೇ ತಳ್ಳು ಹಗುರ ನೌಕೆಯನ್ನು ಗಿರಗಿರ ತಿರುಗಿಸಿತು. ಭೂಮಿಗಿಳಿಯಲು ಇಟ್ಟಿದ್ದ ಬೇರೆ ಎಂಜಿನ್‌ಗಳನ್ನು ಉಪಯೋಗಿಸಿ ಆರ್ಮ್‌ಸ್ಟ್ರಾಂಗ್ ನೌಕೆಯನ್ನು ಹತೋಟಿಗೆ ತಂದರು, ಯಾತ್ರೆ ಅಲ್ಲಿಗೇ ಮೊಟಕಾಯಿತು.

1997ರ ಜೂನ್ 25ರಂದು ರಷ್ಯಾದ ‘ಮೀರ್’ ನಿಲ್ದಾಣಕ್ಕೆ ಪ್ರೊಗ್ರೆಸ್ ಸರಕು ನೌಕೆಯೊಂದು ಡಿಕ್ಕಿ ಹೊಡೆದು ‘ಸ್ಪೆಕ್ತರ್’ ಭಾಗ ತೂತಾಗಿ ಗಾಳಿ ಸೋರಿತು. ಅದೂ ಕೈಯಾರೆ ಜೋಡಿಸುವ ಪರೀಕ್ಷೆಯ ಹೊತ್ತಿನಲ್ಲೇ. ನಿಲ್ದಾಣದಲ್ಲಿದ್ದ ಮೂವರೂ ಬದುಕಿದರು.

ಸೆಕೆಂಡಿಗೆ 10 ಮಿಲಿಮೀಟರ್

ಈಗ ಬೆಂಗಳೂರಿಗೆ ಬರೋಣ. ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು ಯು.ಆರ್. ರಾವ್ ಉಪಗ್ರಹ ಕೇಂದ್ರದ ವಿನ್ಯಾಸ. ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲೇ ಘಟಕವಿರುವ ಖಾಸಗಿ ಕಂಪನಿ ಅನಂತ್ ಟೆಕ್ನಾಲಜೀಸ್. ಒಂದೊಂದರ ತೂಕ ಸುಮಾರು 220 ಕೆ.ಜಿ. 2024ರ ಡಿಸೆಂಬರ್ 30ರ ರಾತ್ರಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಇವನ್ನು ಸುಮಾರು 475 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಒಂದು ಬೆನ್ನಟ್ಟುವುದು, ಇನ್ನೊಂದು ಗುರಿ.

ಮೊದಲು ಅವನ್ನು ಬೇಕೆಂದೇ ದೂರ ಮಾಡಿದರು. ಒಂದು ದಿನದಲ್ಲಿ ಹತ್ತಿಪ್ಪತ್ತು ಕಿ.ಮೀ. ಅಂತರ ಬಿದ್ದ ಮೇಲೆ ಬೆನ್ನಟ್ಟುವ ಆಟ. ಇಲ್ಲಿ ಭೂಮಿಯ ಮೇಲಿನ ಅನುಭವ ಕೆಲಸಕ್ಕೆ ಬರುವುದಿಲ್ಲ. ಮುಂದಿರುವುದನ್ನು ಹಿಡಿಯಲು ವೇಗ ಹೆಚ್ಚಿಸಿದರೆ ಉಪಗ್ರಹ ಮೇಲಿನ ಕಕ್ಷೆಗೆ ಏರುತ್ತದೆ, ಮೇಲಿನ ಕಕ್ಷೆಯ ಸುತ್ತು ದೊಡ್ಡದು, ಓಟ ನಿಧಾನ, ಕೊನೆಗೆ ಇನ್ನಷ್ಟು ಹಿಂದೆ ಬೀಳುತ್ತದೆ. ಹಿಡಿಯಬೇಕಾದರೆ ವೇಗ ತಗ್ಗಿಸಿ ಕೆಳಗಿಳಿಯಬೇಕು, ಕೆಳಗಿನ ಸುತ್ತಿನಲ್ಲಿ ಮುಂದೆ ಸಾಗಿ ಮತ್ತೆ ಮೇಲೇರಬೇಕು.

ಹತ್ತಿರವಾಗುವುದಕ್ಕೂ ಮೆಟ್ಟಿಲುಗಳಿದ್ದವು. 5 ಕಿ.ಮೀ., ಒಂದೂವರೆ ಕಿ.ಮೀ., 500 ಮೀಟರ್, 225, 15, ಕೊನೆಗೆ 3 ಮೀಟರ್. ಪ್ರತಿ ಮೆಟ್ಟಿಲಲ್ಲೂ ನಿಂತು, ಲೇಸರ್ ದೂರಮಾಪಕ, ಕ್ಯಾಮೆರಾ, ಸಂವೇದಕಗಳೆಲ್ಲ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡಿ ಮುಂದಿನ ಹೆಜ್ಜೆ. ಜನವರಿ 7ಕ್ಕೆ ಎಂದದ್ದು 9ಕ್ಕೆ ಹೋಯಿತು, ಅದೂ ಮುಂದಕ್ಕೆ ಹೋಯಿತು. 12ರಂದು 3 ಮೀಟರ್‌ವರೆಗೆ ಬಂದು, ಮತ್ತೆ ಸುರಕ್ಷಿತ ದೂರಕ್ಕೆ ಹಿಂದೆ ಸರಿದರು. ಅವತ್ತು ಟಿವಿ ಮುಂದೆ ಕೂತವರಿಗೆ ನಿರಾಸೆಯಾಗಿರಬಹುದು. ಆ ಹಿಂದೆ ಸರಿಯುವಿಕೆಯೇ ಒಂದು ಪರೀಕ್ಷೆ. ಹತ್ತಿರ ಹೋಗಿ, ಸರಿಯಿಲ್ಲ ಅನ್ನಿಸಿದರೆ ವಾಪಸು ಬರಲು ತಿಳಿಯದ ನೌಕೆಯನ್ನು ಜನರಿರುವ ನಿಲ್ದಾಣದ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ.

ಕೊನೆಯ ಗಳಿಗೆಯಲ್ಲಿ ಒಂದು ಇನ್ನೊಂದನ್ನು ಸಮೀಪಿಸುವ ವೇಗ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್. ಆ ನಡಿಗೆಯಲ್ಲಿ ಮೂರು ಮೀಟರ್ ದಾಟಲು ಐದು ನಿಮಿಷ ಬೇಕು. ಜೋರಾಗಿ ಬಂದರೆ ಹಗುರ ಉಪಗ್ರಹಗಳು ತಾಗಿ ಪುಟಿದು ದೂರ ಹೋಗುತ್ತವೆ. ದೊಡ್ಡ ನೌಕೆಯಾದರೆ ಅದರ ಭಾರವೇ ಅಷ್ಟಿಷ್ಟು ಅಲುಗಾಟ ತಡೆದೀತು. ಸಣ್ಣವನ್ನು ಜೋಡಿಸುವುದೇ ಹೆಚ್ಚು ನಾಜೂಕಿನ ಕೆಲಸ ಎಂದು ಇಸ್ರೊ ಹೇಳಿದ್ದು ಇದಕ್ಕೇ.

ಭಾರತೀಯ ಡಾಕಿಂಗ್ ವ್ಯವಸ್ಥೆ ಎಂದು ಹೆಸರಿಟ್ಟ ಕೊಂಡಿಯ ಅಗಲ 450 ಮಿ.ಮೀ. ಅಂತರರಾಷ್ಟ್ರೀಯ ಮಾದರಿಯದ್ದು 800 ಮಿ.ಮೀ., ಅದಕ್ಕೆ 24 ಮೋಟರುಗಳು. ನಮ್ಮದಕ್ಕೆ ಎರಡೇ. ಎರಡೂ ಉಪಗ್ರಹಗಳಲ್ಲಿ ಕೊಂಡಿ ಒಂದೇ ತೆರನಾದದ್ದು. ಗಂಡು-ಹೆಣ್ಣು ಪ್ಲಗ್ಗಿನ ಭೇದವಿಲ್ಲ, ಯಾವುದು ಯಾವುದನ್ನು ಬೇಕಾದರೂ ಹಿಡಿಯಬಹುದು. ಇದರ ಬೆಲೆ ಗೊತ್ತಾಗುವುದು ಸಂಕಟದಲ್ಲಿ: ಕೆಟ್ಟು ನಿಂತ ನೌಕೆಯ ನೆರವಿಗೆ ಹೋದಾಗ ‘ನಮ್ಮದು ನಿಮ್ಮದಕ್ಕೆ ಕೂಡುವುದಿಲ್ಲ’ ಎನ್ನುವಂತಾಗಬಾರದು. ಅಮೆರಿಕ ಮತ್ತು ಸೋವಿಯತ್ ನೌಕೆಗಳು 1975ರ ಜುಲೈ 17ರಂದು ಕೈಕುಲುಕಿದ್ದೂ ಇಂಥ ಸಮಾನ ಕೊಂಡಿಯ ಮೂಲಕ. ಯಾರದು ಗಂಡು, ಯಾರದು ಹೆಣ್ಣು ಎಂಬ ಜಗಳಕ್ಕೂ ಅಲ್ಲಿ ಆಸ್ಪದವಿರಲಿಲ್ಲ.

ಹಿಡಿಯುವುದು ಮೂರು ಹಂತ. ಮೊದಲು ಸನ್ನೆಗಳು ಮೆತ್ತಗೆ ಸಿಕ್ಕಿಸಿಕೊಳ್ಳುತ್ತವೆ. ಆಮೇಲೆ ಚಾಚಿದ ಉಂಗುರ ಒಳಗೆ ಸರಿದು ಎರಡನ್ನೂ ಹತ್ತಿರ ಎಳೆಯುತ್ತದೆ. ಕಡೆಗೆ ಬಿಗಿತ, ಎರಡು ದೇಹ ಒಂದಾಗುವಷ್ಟು. ಆ ಕ್ಷಣದಿಂದ ಒಂದೇ ವಾಹನವೆಂದು ಲೆಕ್ಕಹಾಕಿ ನಿಯಂತ್ರಿಸಬೇಕು. ಆಟದ ಪುಸ್ತಕ ಹೇಳಿದ ಕೂಡಿಸುವ ಲೆಕ್ಕ ಇಲ್ಲಿ ನಿಜಕ್ಕೂ ಜಾರಿಗೆ ಬರುತ್ತದೆ.

ಮಾರ್ಚ್ 13

ಪತ್ರಿಕೆಗಳು ಜನವರಿ 16ಕ್ಕೆ ಮುಖಪುಟ ಕೊಟ್ಟವು. ನನ್ನ ಮಟ್ಟಿಗೆ ಹೆಚ್ಚಿನ ದಿನ ಮಾರ್ಚ್ 13. ಅವತ್ತು ಬೆಳಿಗ್ಗೆ 9.20ರ ಹೊತ್ತಿಗೆ ಎರಡೂ ಬಿಡಿಸಿಕೊಂಡವು.

ಸುಮ್ಮನೆ ಯೋಚಿಸಿ. ಹಿಡಿಯದ ಕೊಂಡಿಯಿಂದ ಆಗುವ ನಷ್ಟ ಹೆಚ್ಚಿನ ಸಲ ಒಂದು ದಿನದ್ದು, ಮತ್ತೆ ಪ್ರಯತ್ನಿಸಬಹುದು. ಬಿಡದ ಕೊಂಡಿ ಎರಡೂ ನೌಕೆಗಳನ್ನು ಕಟ್ಟಿಹಾಕುತ್ತದೆ. ಗಾಳಿಯಿಲ್ಲದಲ್ಲಿ ಲೋಹಕ್ಕೆ ಲೋಹ ಒತ್ತಿಕೊಂಡು ಎರಡು ತಿಂಗಳು ಕಳೆದರೆ, ದಿನಕ್ಕೆ ಹಲವು ಬಾರಿ ಬಿಸಿಲಿಗೂ ನೆರಳಿಗೂ ಸಿಕ್ಕಿ ಹಿಗ್ಗಿ ಕುಗ್ಗಿದರೆ, ಅದು ಸಲೀಸಾಗಿ ತೆರೆದೀತೆಂದು ಹೇಳುವುದು ಹೇಗೆ? ಬೆಂಗಳೂರಿನಿಂದ ಹೋದ ಆಜ್ಞೆಗಳು ಸಾಲಾಗಿ ನೆರವೇರಿದವು. ಉಂಗುರ ಹೊರಗೆ ಚಾಚಿತು, ಹಿಡಿದ ಸನ್ನೆ ಸಡಿಲಿತು, ಎರಡೂ ಕಡೆ ‘ಬಿಡು’ ಎಂಬ ಆಜ್ಞೆ, ನಂತರ ಅಂತರ. ಕೊಂಡಿ ಕೆಟ್ಟಿರಲಿಲ್ಲ ಎಂಬುದಕ್ಕೆ ಪುರಾವೆ ಏಪ್ರಿಲ್ 20ರ ಎರಡನೇ ಜೋಡಣೆ. ಮೊದಲ ಸಲ 3 ಮೀಟರ್ ಬಳಿ ನಿಲ್ಲಿಸಿ ನೆಲದಿಂದ ಅನುಮತಿ ಕೊಟ್ಟಿದ್ದರು, ಈ ಸಲ 15 ಮೀಟರಿನಿಂದ ಉಪಗ್ರಹವೇ ತನ್ನಷ್ಟಕ್ಕೆ ಬಂದು ಕೂಡಿಕೊಂಡಿತು. ಮರುದಿನ ಒಂದರ ವಿದ್ಯುತ್ತಿನಿಂದ ಇನ್ನೊಂದರೊಳಗಿನ ಹೀಟರ್ ಕೆಲವು ನಿಮಿಷ ಉರಿಯಿತು. ಕೊಂಡಿ ಬರೀ ಗೂಟವಲ್ಲ, ತಂತಿಯೂ ಹೌದು ಎಂದಾಯಿತು.

ಬಿಡುವ ವಿದ್ಯೆಯನ್ನು ಇಸ್ರೊ ಮೊದಲೂ ಬಲ್ಲದು. 2023ರ ಆಗಸ್ಟ್ 17ರಂದು ಚಂದ್ರಯಾನ-3ರ ವಿಕ್ರಮ್ 2,148 ಕೆ.ಜಿ. ತೂಕದ ನೂಕು ವಾಹನದಿಂದ ಕಳಚಿಕೊಂಡು, 23ರಂದು ಚಂದ್ರನ ಮೇಲಿಳಿಯಿತು. ಆದರೆ ಆ ಕೊಂಡಿ ಒಮ್ಮೆ ಬಿಟ್ಟರೆ ಮುಗಿಯಿತು, ಮತ್ತೆ ಹಿಡಿಯುವುದಿಲ್ಲ. ರಾಕೆಟ್ಟಿಗೆ ಉಪಗ್ರಹವನ್ನು ಬಿಗಿಯುವ ಪಟ್ಟಿಗಳೂ ಹೀಗೇ, ಒಂದೇ ಬಾರಿ ಬಿಚ್ಚುವಂಥವು. (ಅಂಥ ಒಂದು ಪಟ್ಟಿಗೆ ಮಾರ್ಮನ್ ಕ್ಲಾಂಪ್ ಎಂದು ಹೆಸರು. ಅದನ್ನು ತಯಾರಿಸಿದ ಕಂಪನಿ ಹಾಲಿವುಡ್ಡಿನ ಹಾಸ್ಯನಟ ಜೆಪ್ಪೊ ಮಾರ್ಕ್ಸ್‌ನದು. ನಗಿಸುವುದು ಬಿಟ್ಟು ಆತ ಉದ್ದಿಮೆಗಿಳಿದಿದ್ದ.) ಹಿಡಿದು, ಬಿಟ್ಟು, ಮತ್ತೆ ಹಿಡಿಯುವ ಕೊಂಡಿ ನಮಗೆ 2025ರಲ್ಲಿ ಸಿಕ್ಕಿತು.

ಮುಂದಿನ ಸರಕು

ಈ ಕೊಂಡಿಯ ಮೊದಲ ಗಂಭೀರ ಗಿರಾಕಿ ಚಂದ್ರಯಾನ-4. ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ 2,104 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಯೋಜನೆ. ಚಂದ್ರನ ಮಣ್ಣು ತರುವುದು ಕೆಲಸ. ಇಡೀ ಸಾಮಾನು ಒಂದು ರಾಕೆಟ್ಟಿಗೆ ಹೊರಲಾಗದಷ್ಟು ಭಾರ. ಆದ್ದರಿಂದ ಎರಡು ಎಲ್‌ವಿಎಂ-3 ರಾಕೆಟ್‌ಗಳಲ್ಲಿ ಒಯ್ದು ಭೂಮಿಯ ಕಕ್ಷೆಯಲ್ಲೇ ಜೋಡಿಸಬೇಕು. ಅಲ್ಲಿಂದ ಮುಂದೆ ಒಂದೊಂದೇ ಭಾಗವನ್ನು ಕೆಲಸ ಮುಗಿದಂತೆ ಬಿಡುತ್ತ ಹೋಗುವುದು. ನೂಕುವ ಭಾಗ, ಇಳಿಯುವ ಭಾಗ, ಏರುವ ಭಾಗ, ಸಾಗಿಸುವ ಭಾಗ, ಭೂಮಿಗೆ ಮರಳುವ ಭಾಗ, ಹೀಗೆ ಐದು. ಮಣ್ಣು ತುಂಬಿಕೊಂಡು ಏರುವ ಭಾಗ ಚಂದ್ರನ ಕಕ್ಷೆಯಲ್ಲಿ ಕಾದಿರುವ ಸಾಗಿಸುವ ಭಾಗವನ್ನು ಹುಡುಕಿ ಕೂಡಿಕೊಳ್ಳಬೇಕು. ಅಲ್ಲಿಗೂ ಇಲ್ಲಿಗೂ ಮಾತು ಹೋಗಿ ಬರಲು ಎರಡೂವರೆ ಸೆಕೆಂಡು ಬೇಕಾದ್ದರಿಂದ ಬೆಂಗಳೂರಿನಿಂದ ಕೂತು ಬೆರಳಂಚಿನಲ್ಲಿ ಆಡಿಸುವುದು ಆಗದ ಮಾತು. ಏಪ್ರಿಲ್ 20ರಂದು ಉಪಗ್ರಹಕ್ಕೇ ಬಿಟ್ಟುಕೊಟ್ಟದ್ದು ಸುಮ್ಮನಲ್ಲ.

2035ರ ಹೊತ್ತಿಗೆ ಆಗಬೇಕೆಂದಿರುವ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೂ ಐದು ಭಾಗಗಳು. ಮೊದಲನೆಯದನ್ನು 2028ಕ್ಕೆ ಹಾರಿಸುವ ಗುರಿ. ಅಲ್ಲಿ ಕೊಂಡಿ ದೊಡ್ಡದಾಗಬೇಕು, ನಡುವೆ ಮನುಷ್ಯ ತೂರಿ ಹೋಗುವಷ್ಟು ದಾರಿ ಬೇಕು, ಗಾಳಿ ಸೋರಬಾರದು. ಸ್ಪೇಡೆಕ್ಸ್‌ನ 450 ಮಿ.ಮೀ. ಉಂಗುರದೊಳಗೆ ಮನುಷ್ಯ ನುಸುಳಲಾರ, ಅದು ಅದಕ್ಕಾಗಿ ಕಟ್ಟಿದ್ದೂ ಅಲ್ಲ. ಅದಕ್ಕೂ ಮೊದಲು ಚಂದ್ರನ ಮಣ್ಣು: ನೆಲ ಬಿಟ್ಟು ಹೊರಡುವ ಒಂಬತ್ತು ಸಾವಿರ ಕೆ.ಜಿ.ಗೂ ಮೀರಿದ ಚಂದ್ರಯಾನ-4, ಎಲ್ಲ ಕೊಂಡಿಗಳೂ ಹೇಳಿದಂತೆ ಹಿಡಿದು ಹೇಳಿದಂತೆ ಬಿಟ್ಟರೆ, ವಾಪಸು ತರಬೇಕಿರುವುದು ಸುಮಾರು ಮೂರು ಕೆ.ಜಿ.